ಒರೆಸುವ ಮುನ್ನ ಪರೀಕ್ಷಿಸಿ: ಹಳೆಯ ಚಿತ್ರಗಳಿಗೆ ಅವಕೆಂಪು ರೋಹಿತ ಬಳಸುವ ಬಗೆ

ಹಿರಿಯೂರಿನ ತೇರುಮಲ್ಲೇಶ್ವರ ದೇವಸ್ಥಾನದ ಮುಖಮಂಟಪದ ಛಾವಣಿಯಲ್ಲಿ ಇರುವಂಥ ಪುರಾಣಕಥೆಯ ಚಿತ್ರಗಳು, ಮಠಗಳಲ್ಲಿ ತೂಗುಹಾಕಿರುವ ಹಿಂದಿನ ಸ್ವಾಮಿಗಳ ತೈಲಚಿತ್ರಗಳು, ಹಳೇ ಮನೆಗಳ ದೇವರಕೋಣೆಯ ಮೈಸೂರು ಶೈಲಿಯ ಪಟಗಳು. ಇವು ಕೆಡಲು ಒಂದು ಒದ್ದೆ ಬಟ್ಟೆ ಸಾಕು. ಗೋಂದಿನಲ್ಲಿ ಕಲಸಿ ಬರೆದ ಬಣ್ಣಕ್ಕೆ ನೀರು ತಾಗಿದರೆ ಬಣ್ಣ ಬಟ್ಟೆಗೇ ಬರುತ್ತದೆ. ಎಣ್ಣೆಯಲ್ಲಿ ಬರೆದದ್ದಾದರೆ ನೀರಿಗೆ ಅಷ್ಟು ಬೇಗ ಬಿಡುವುದಿಲ್ಲ, ಆದರೆ ಮೇಲಿನ ವಾರ್ನಿಷ್ ತೆಗೆಯಲು ಹೋಗಿ ಗಟ್ಟಿ ದ್ರಾವಕ ಹಾಕಿದರೆ ಅದೂ ಹೋಗುತ್ತದೆ. ಎರಡೂ ನೋಡಲು ಒಂದೇ ಥರ ಕಪ್ಪಾಗಿ, ಜಿಡ್ಡಾಗಿ ಕಾಣಬಹುದು. ಯಾವುದು ಯಾವುದು ಎಂದು ತಿಳಿಯಲು ಎಫ್‌ಟಿಐಆರ್, ಅಂದರೆ ಅವಕೆಂಪು (ಇನ್ಫ್ರಾರೆಡ್) ರೋಹಿತದ ಪರೀಕ್ಷೆ, ಕೈಗೆಟಕುವ ಒಳ್ಳೆಯ ದಾರಿ.

ಮೊದಲೇ ಒಂದು ಮಾತು. ಈ ಪರೀಕ್ಷೆಯನ್ನು ಬಹಳ ಜನ "ಇದು ಯಾವ ಬಣ್ಣ?" ಎಂದು ಕೇಳಲು ಬಳಸುತ್ತಾರೆ. ಆ ಪ್ರಶ್ನೆಗೆ ಇದರ ಉತ್ತರ ಅರ್ಧಂಬರ್ಧ. ಇದು ಚೆನ್ನಾಗಿ ಹೇಳುವುದು ಬಣ್ಣವನ್ನು ಹಿಡಿದಿಟ್ಟ ಅಂಟು ಯಾವುದು, ಮೇಲೆ ಕೂತ ಪದರ ಏನು, ಹಿಂದೆ ಯಾರಾದರೂ ರಿಪೇರಿ ಮಾಡಿದ್ದರೆ ಏನು ಬಳಿದರು ಎಂಬುದನ್ನು. ಸಂರಕ್ಷಣೆಯ ಕೆಲಸಕ್ಕೆ ಬೇಕಾದದ್ದೂ ಇದೇ.

ಇನ್ನೊಂದು ಗೊಂದಲವನ್ನೂ ಇಲ್ಲೇ ಬಿಡಿಸಿಕೊಳ್ಳಿ. ಇನ್‌ಫ್ರಾರೆಡ್ ಕ್ಯಾಮೆರಾದಲ್ಲಿ ಚಿತ್ರದ ಅಡಿಯ ಇದ್ದಿಲ ಗೆರೆ ನೋಡುವುದು ಬೇರೆ ಕೆಲಸ. ಅದು ಸುಮಾರು 900ರಿಂದ 1,700 ನ್ಯಾನೊಮೀಟರ್ ಅಲೆಯ ಬೆಳಕಿನಲ್ಲಿ ತೆಗೆಯುವ ಫೋಟೊ. ಇಲ್ಲಿ ಹೇಳುತ್ತಿರುವುದು ಮಧ್ಯ ಅವಕೆಂಪು: ತರಂಗಸಂಖ್ಯೆಯ (ಒಂದು ಸೆಂಟಿಮೀಟರಿನಲ್ಲಿ ಎಷ್ಟು ಅಲೆ ಎಂಬ) ಲೆಕ್ಕದಲ್ಲಿ 4000ರಿಂದ 400 ಸೆಂ.ಮೀ.⁻¹. ಆ ಬೆಳಕು ಅಣುವಿನ ಬಂಧಗಳನ್ನು ಅಲುಗಿಸುತ್ತದೆ. ಯಾವ ಸಂಖ್ಯೆಯಲ್ಲಿ ಬೆಳಕು ಹೀರಿಕೆಯಾಯಿತು ಎಂಬುದರಿಂದ ಯಾವ ಬಂಧ ಇದೆ ಎಂದು ತಿಳಿಯುತ್ತದೆ. ಇದನ್ನು ತೋರಿಸುವ ಗೆರೆಚಿತ್ರವೇ ರೋಹಿತ, ಹೀರಿಕೆಯಾದ ಕಡೆ ಅದರಲ್ಲಿ ಏಳುವ ಶಿಖರವೇ ಪೀಕ್. ಮುಂದೆ ಬರುವ ಪೀಕ್ ಸಂಖ್ಯೆಗಳೆಲ್ಲ ಸೆಂ.ಮೀ.⁻¹ನಲ್ಲಿವೆ.

ಮಾದರಿ ತೆಗೆಯುವ ಮೊದಲು

ರಕ್ಷಿತ ಸ್ಮಾರಕವಾದರೆ ಪುರಾತತ್ವ ಇಲಾಖೆಯ, ಮುಜರಾಯಿ ದೇವಸ್ಥಾನವಾದರೆ ಆ ಇಲಾಖೆಯ, ಮಠ ಅಥವಾ ಮನೆಯದ್ದಾದರೆ ಒಡೆಯರ ಲಿಖಿತ ಒಪ್ಪಿಗೆ ಬೇಕು. ಒಪ್ಪಿಗೆ ಪತ್ರದಲ್ಲಿ ಎಷ್ಟು ಚುಕ್ಕಿ, ಯಾವ ಜಾಗದಿಂದ, ಎಷ್ಟು ತೂಕ ಎಂದು ಬರೆಯಿರಿ. "ಸ್ವಲ್ಪ" ಎಂದು ಬರೆದರೆ ಆಮೇಲೆ ಜಗಳ.

ಪ್ರಶ್ನೆಯನ್ನೂ ಕಾಗದದ ಮೇಲೆ ಬರೆಯಿರಿ. "ನೀರು ತಾಗಿಸಬಹುದೇ?" "ಈ ಹಳದಿ ಪದರ ವಾರ್ನಿಷೋ, ದೀಪದ ಎಣ್ಣೆಯೋ?" "ಕಿತ್ತು ಬರುತ್ತಿರುವ ಪದರದ ಅಡಿ ಉಪ್ಪು ಇದೆಯೇ?" ಒಂದು ಪ್ರಶ್ನೆಗೆ ಒಂದೆರಡು ಮಾದರಿ. ಪ್ರಶ್ನೆ ಇಲ್ಲದೆ ಹತ್ತು ಕಡೆ ಕೆರೆದು ತಂದ ಪುಡಿಯಿಂದ ಹತ್ತು ರೋಹಿತ ಬರುತ್ತದೆ, ಒಂದು ನಿರ್ಧಾರವೂ ಬರುವುದಿಲ್ಲ.

ಇಡೀ ಚಿತ್ರದ ಫೋಟೊ ಮಾಮೂಲಿ ಬೆಳಕಿನಲ್ಲಿ, ಪಕ್ಕದಿಂದ ಓರೆಯಾಗಿ ಬೀಳುವ ಬೆಳಕಿನಲ್ಲಿ ಮತ್ತು 365 ನ್ಯಾನೊಮೀಟರ್‌ನ ಯುವಿ ಟಾರ್ಚ್‌ನಲ್ಲಿ ತೆಗೆಯಿರಿ. ಯುವಿಯಲ್ಲಿ ಹಳೇ ರಾಳದ ವಾರ್ನಿಷ್ ಹಸಿರು ಛಾಯೆಯಲ್ಲಿ ಹೊಳೆಯುತ್ತದೆ. ಈಚೆಗೆ ಹಚ್ಚಿದ ತೇಪೆ ಅದರ ಮೇಲೆ ಕಪ್ಪಾಗಿ ನಿಲ್ಲುತ್ತದೆ. ಎಲ್ಲಿ ಮಾದರಿ ತೆಗೆಯಬೇಕು, ಎಲ್ಲಿ ಬೇಡ ಎಂಬುದರ ನಕ್ಷೆ ಇದರಿಂದಲೇ ಸಿಗುತ್ತದೆ.

ಮಾದರಿ

0.1ರಿಂದ 0.5 ಮಿಲಿಗ್ರಾಂ ಸಾಕು. ಗುಂಡುಸೂಜಿಯ ತಲೆಗಿಂತ ಚಿಕ್ಕದು. ಈಗಾಗಲೇ ಬಿರುಕು ಬಿಟ್ಟ, ಚಕ್ಕೆ ಎದ್ದ ಅಂಚಿನಿಂದ, ಇಲ್ಲವೇ ಚೌಕಟ್ಟಿನ ಅಡಿ ಮುಚ್ಚಿಹೋಗುವ ಕಡೆಯಿಂದ ತೆಗೆಯಿರಿ. ಮುಖ, ಕೈ, ಅಕ್ಷರಗಳ ಹತ್ತಿರ ಬೇಡ. ಆದರೆ ಅಂಚಿಗೂ ಒಂದು ತೊಡಕಿದೆ: ಹಿಂದಿನ ರಿಪೇರಿಯವರು ಅಂಟು ಸುರಿದಿರುವುದು ಅಲ್ಲೇ. ಆದ್ದರಿಂದ ಒಂದು ಅಂಚಿನ ಮಾದರಿಯ ಜೊತೆ ಅದರಿಂದ ದೂರದ ಒಂದು ಮಾದರಿ ಇರಲಿ.

11 ಅಥವಾ 15ನೇ ನಂಬರಿನ ಸ್ಕಾಲ್ಪೆಲ್ ಬ್ಲೇಡ್, ತಲೆಗೆ ಕಟ್ಟುವ ಭೂತಗನ್ನಡಿ, ನೈಟ್ರೈಲ್ ಕೈಗವಸು, ಮಾಸ್ಕ್. ಹೊಸ ಬ್ಲೇಡಿಗೆ ತುಕ್ಕು ಹಿಡಿಯದಂತೆ ಎಣ್ಣೆ ಸವರಿರುತ್ತಾರೆ; ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸದೆ ಬಳಸಿದರೆ ಆ ಎಣ್ಣೆಯೇ ನಿಮ್ಮ ರೋಹಿತದಲ್ಲಿ 2925, 2854ರಲ್ಲಿ ಎದ್ದು ಕಾಣುತ್ತದೆ. ಬರಿಗೈ ಬೆರಳಿನ ಜಿಡ್ಡೂ ಅಲ್ಲೇ ಕಾಣುತ್ತದೆ, ಅದಕ್ಕೆ 1740 ಕೂಡ ಸೇರಿರುತ್ತದೆ. ಮಾಸ್ಕ್ ಹೇಳಿದ್ದು ಸುಮ್ಮನೆ ಅಲ್ಲ: ಹಳೇ ಬಿಳಿಯಲ್ಲಿ, ಸಿಂಧೂರದಲ್ಲಿ ಸೀಸ, ಹರಿತಾಳ ಎಂಬ ಹಳದಿಯಲ್ಲಿ ಆರ್ಸೆನಿಕ್, ಇಂಗಲೀಕ ಎಂಬ ಕೆಂಪಿನಲ್ಲಿ ಪಾದರಸ ಇರುತ್ತದೆ.

ತೆಗೆದ ಕಣವನ್ನು ಎಲ್ಲಿ ಇಡುತ್ತೀರಿ ಎಂಬುದು ಬಹಳ ಮುಖ್ಯ. ಔಷಧದ ಖಾಲಿ ಕ್ಯಾಪ್ಸೂಲ್ ಸುಲಭವಾಗಿ ಸಿಗುತ್ತದೆ, ಆದರೆ ಅದು ಜೆಲಟಿನ್, ಅಂದರೆ ಪ್ರೋಟೀನು. ಚಿತ್ರದಲ್ಲಿ ಪ್ರಾಣಿಜನ್ಯ ಅಂಟು ಇದೆಯೇ ಎಂದು ಹುಡುಕುವವರು ಮಾದರಿಯನ್ನು ಪ್ರಾಣಿಜನ್ಯ ಅಂಟಿನ ಡಬ್ಬಿಯಲ್ಲೇ ಇಟ್ಟಂತೆ ಆಯಿತು. ಜಿಪ್ ಕವರ್‌ಗಳ ಪ್ಲಾಸ್ಟಿಕ್ಕಿಗೆ ಜಾರಲೆಂದು ಬೆರೆಸುವ ಕೊಬ್ಬಿನ ಅಂಶವೂ ಮಾದರಿಗೆ ಅಂಟುತ್ತದೆ. ಚಿಕ್ಕ ಗಾಜಿನ ಶೀಶೆ, ಇಲ್ಲವೇ ಗುಳಿ ಇರುವ ಎರಡು ಗಾಜಿನ ಸ್ಲೈಡು, ಅಷ್ಟೇ. ಶೀಶೆಯ ಮೇಲೆ ಸಂಖ್ಯೆ, ತಾರೀಕು, ಚಿತ್ರದ ಎಡ ಅಂಚಿನಿಂದ ಮತ್ತು ಕೆಳ ಅಂಚಿನಿಂದ ಎಷ್ಟು ಸೆಂಟಿಮೀಟರ್ ಎಂಬ ಅಳತೆ. ಮಾದರಿ ತೆಗೆದ ಮುಂಚೆ ಮತ್ತು ಆಮೇಲೆ ಅದೇ ಜಾಗದ ಹತ್ತಿರದ ಫೋಟೊ.

ಜೊತೆಗೆ ಹೋಲಿಕೆಗೆ ಬೇಕಾದ ವಸ್ತುಗಳನ್ನೂ ತನ್ನಿ: ಆ ದೇವಸ್ಥಾನದಲ್ಲಿ ದೀಪಕ್ಕೆ ಹಾಕುವ ಎಣ್ಣೆ ಎರಡು ಹನಿ, ಅಲ್ಲಿನ ವಿಭೂತಿ, ಕುಂಕುಮ, ಅರಿಸಿನ, ಗೋಡೆಗೆ ಬಳಿಯುವ ಸುಣ್ಣ, ಬಾಗಿಲಿಗೆ ಬಳಿದ ಎನಾಮಲ್ ಬಣ್ಣದ ಚೂರು. ಹೊರಗಿನ ಯಾವ ಡೇಟಾಬೇಸಿನಲ್ಲೂ ನಿಮ್ಮೂರಿನ ವಿಭೂತಿ ಇರುವುದಿಲ್ಲ.

ಯಂತ್ರ ಎಲ್ಲಿದೆ, ಯಾವ ಬಗೆ

ಫಾರ್ಮಸಿ ಕಾಲೇಜುಗಳು, ರಸಾಯನಶಾಸ್ತ್ರ ವಿಭಾಗಗಳು ಎಫ್‌ಟಿಐಆರ್ ಇಟ್ಟುಕೊಳ್ಳುವುದು ಸಾಮಾನ್ಯ. ದಾವಣಗೆರೆಯಂಥ ಕಾಲೇಜುಗಳ ಊರಿನಲ್ಲಿ ಮೊದಲು ಅಲ್ಲಿ ವಿಚಾರಿಸಿ. ಯಂತ್ರ ಅದೇ ಆದರೂ ಅಲ್ಲಿನ ರೂಢಿ ಮಾತ್ರೆಯ ಪುಡಿಗೆ ತಕ್ಕದ್ದು. ಅವರ ಬಳಿ ಮಾದರಿ ಗ್ರಾಂಗಟ್ಟಲೆ ಇರುತ್ತದೆ, ನಿಮ್ಮಲ್ಲಿ ಒಂದು ಕಣ. ಆದ್ದರಿಂದ ಶೀಶೆ ಕೊಟ್ಟು ಬರದೆ ಪಕ್ಕದಲ್ಲೇ ಕೂತು ಮಾಡಿಸಿ. ಕಷ್ಟದ ಮಾದರಿಗಳಿಗೆ, ಚಿಕಿತ್ಸೆಯ ಸಲಹೆಗೆ ಮೈಸೂರಿನಲ್ಲಿರುವ ಕೇಂದ್ರ ಸರ್ಕಾರದ ಪ್ರಾದೇಶಿಕ ಸಂರಕ್ಷಣಾ ಪ್ರಯೋಗಾಲಯ ಮತ್ತು ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿರುವ, ಪರಂಪರೆ ಉಳಿಸುವ ಸಂಸ್ಥೆಯಾದ ಇನ್‌ಟ್ಯಾಕ್‌ನ ಕಲಾ ಸಂರಕ್ಷಣಾ ಕೇಂದ್ರ ಇವೆ.

ಯಂತ್ರದಲ್ಲಿ ಎರಡು ದಾರಿ. ಎಟಿಆರ್ ಎಂದರೆ ವಜ್ರದ ಹರಳಿನ ಮೇಲೆ ಕಣ ಇಟ್ಟು ಮೇಲಿಂದ ಒತ್ತುವುದು. ಎರಡು ನಿಮಿಷದ ಕೆಲಸ, ಮಾದರಿ ಮತ್ತೆ ಕೈಗೆ ಸಿಗುತ್ತದೆ. ಬೆಳಕು ಕಣದೊಳಗೆ ಸುಮಾರು 0.5ರಿಂದ 2 ಮೈಕ್ರೋಮೀಟರ್ ಮಾತ್ರ ಹೋಗುತ್ತದೆ, ಅಂದರೆ ಹರಳಿಗೆ ತಾಗಿದ ಮೈ ಮಾತ್ರ ಕಾಣುತ್ತದೆ. ಇದನ್ನು ಲಾಭವಾಗಿಯೂ ಮಾಡಿಕೊಳ್ಳಬಹುದು: ಚಕ್ಕೆಯ ಮೇಲ್ಮೈ ಕೆಳಗೆ ಮಾಡಿ ಒಮ್ಮೆ, ತಿರುವಿ ಹಾಕಿ ಒಮ್ಮೆ ತೆಗೆದರೆ ಮೇಲಿನ ಜಿಡ್ಡೂ ಅಡಿಯ ತಳಪದರವೂ ಬೇರೆಬೇರೆಯಾಗಿ ಸಿಗುತ್ತವೆ. ಮೊದಲ ಒತ್ತಿಗೇ ಚಕ್ಕೆ ಪುಡಿಯಾಗುವುದರಿಂದ ಮುಖ್ಯವಾದ ಮುಖವನ್ನೇ ಮೊದಲು ಇಡಿ.

ಇನ್ನೊಂದು ಪೊಟ್ಯಾಸಿಯಂ ಬ್ರೋಮೈಡ್ ಬಿಲ್ಲೆ: ಮಾದರಿಯನ್ನು ಈ ಉಪ್ಪಿನ ಜೊತೆ ಅರೆದು ಅಚ್ಚಿನಲ್ಲಿ ಒತ್ತಿದ್ದು. ಹಳೇ ಪದ್ಧತಿ ಎಂದು ಇದನ್ನು ಕಡೆಗಣಿಸುವವರಿದ್ದಾರೆ. ಅತಿ ಕಡಿಮೆ ಅಂಟು ಇರುವ ಭಿತ್ತಿಚಿತ್ರಕ್ಕೆ ಇದೇ ಮೇಲು, ಏಕೆಂದರೆ ಬೆಳಕು ಇಡೀ ಮಾದರಿಯನ್ನು ದಾಟಿ ಬರುತ್ತದೆ. 13 ಮಿ.ಮೀ. ಅಚ್ಚಿಗೆ 200 ಮಿಲಿಗ್ರಾಂ ಉಪ್ಪು, 1 ಮಿಲಿಗ್ರಾಂ ಮಾದರಿ. ಅಷ್ಟು ಮಾದರಿ ಇರುವುದಿಲ್ಲವಾದ್ದರಿಂದ ಚಿಕ್ಕ ಅಚ್ಚು ಸಿಕ್ಕರೆ ಅದನ್ನೇ ಬಳಸಿ, ಉಪ್ಪನ್ನು ಅದೇ ಪ್ರಮಾಣದಲ್ಲಿ ಇಳಿಸಿ. ಉಪ್ಪನ್ನು 110 ಡಿಗ್ರಿಯಲ್ಲಿ ಎರಡು ಮೂರು ಗಂಟೆ ಒಣಗಿಸಿ, ಸಿಲಿಕಾ ಜೆಲ್ ಇರುವ ಡೆಸಿಕೇಟರಿನಲ್ಲಿ ಆರಿಸಿ, ಅಗೇಟ್ ಒರಳಿನಲ್ಲಿ ಅರೆಯಿರಿ. 13 ಮಿ.ಮೀ. ಅಚ್ಚಿಗೆ 8ರಿಂದ 10 ಟನ್ ಒತ್ತಡ, ಎರಡು ನಿಮಿಷ. ಬಿಲ್ಲೆ ಬೆಳ್ಳಗೆ ಮಂಜಾದರೆ ಉಪ್ಪಿನಲ್ಲಿ ತೇವ ಇದೆ, ಇಲ್ಲವೇ ಅರೆದದ್ದು ಸಾಲದು. ತೇವ 3450 ಮತ್ತು 1640ರಲ್ಲಿ ಕಾಣುತ್ತದೆ. ಆ 1640 ಪ್ರೋಟೀನಿನ ಮುಖ್ಯ ಪೀಕಿನ ಪಕ್ಕದಲ್ಲೇ ಇದೆ, ಆದ್ದರಿಂದ ಮಳೆಗಾಲದಲ್ಲಿ ಮಾಡಿದ ಬಿಲ್ಲೆಯಲ್ಲಿ ಇಲ್ಲದ ಅಂಟು ಕಂಡಂತಾಗುವುದು ಸಹಜ. ಚಳ್ಳಕೆರೆ ಕಡೆಯ ಒಣ ಹವೆಗೆ ಇಷ್ಟು ತೊಂದರೆ ಇಲ್ಲ, ಆದರೂ ಮಾದರಿ ಇಲ್ಲದ ಬರೀ ಉಪ್ಪಿನ ಬಿಲ್ಲೆಯೊಂದನ್ನು ಅದೇ ದಿನ ಓಡಿಸಿ ಇಟ್ಟುಕೊಳ್ಳಿ.

ಓಡಿಸುವುದು

ಯಂತ್ರ ಹಚ್ಚಿ ಅರ್ಧ ಗಂಟೆ ಬಿಡಿ. ಪಾಲಿಸ್ಟೈರೀನ್ ಹಾಳೆ ಇಟ್ಟು 1601ರ ಪೀಕ್ ಸರಿಯಾದ ಜಾಗದಲ್ಲಿದೆಯೇ ನೋಡಿ. ಎಟಿಆರ್ ಹರಳನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸಿ. ಒತ್ತುವ ಕಂಬದ ತುದಿಯನ್ನೂ ಒರೆಸಿ, ಅದನ್ನು ಎಲ್ಲರೂ ಮರೆಯುತ್ತಾರೆ, ಹಿಂದಿನವರ ಮಾತ್ರೆಯ ಪುಡಿ ಅಲ್ಲೇ ಅಂಟಿರುತ್ತದೆ. ಖಾಲಿ ಹರಳನ್ನೇ ಮಾದರಿಯಂತೆ ಓಡಿಸಿದಾಗ ಸಪಾಟು ಗೆರೆ ಬರಬೇಕು. ರೆಸಲ್ಯೂಷನ್ 4, ಸ್ಕ್ಯಾನು 64. ಕಣ ತೀರ ಚಿಕ್ಕದಾದರೆ 128. ಪ್ರತಿ ಮಾದರಿಗೂ ಮುಂಚೆ ಹೊಸ ಹಿನ್ನೆಲೆ ರೋಹಿತ, ಅಂದರೆ ಮಾದರಿ ಇಡದೆ ತೆಗೆಯುವ ರೋಹಿತ. ಕರೆಂಟು ಹೋಗಿ ಬಂದರೆ ಹಿನ್ನೆಲೆ ಮತ್ತೆ ತೆಗೆಯಲೇಬೇಕು.

ಹಿನ್ನೆಲೆ ಸರಿ ಹೋಗಿಲ್ಲ ಎಂಬುದರ ಗುರುತು: 2350ರ ಸುತ್ತ ಜೋಡಿ ಗುಬ್ಬು, ಅದು ಕೋಣೆಯ ಗಾಳಿಯ, ನಿಮ್ಮ ಉಸಿರಿನ ಇಂಗಾಲದ ಡೈಆಕ್ಸೈಡ್, 1900ರಿಂದ 1300ರ ನಡುವೆ ಮತ್ತು 3500ರ ಮೇಲೆ ಗರಗಸದ ಹಲ್ಲಿನಂಥ ಚೂಪು ಗೆರೆಗಳು, ಅದು ನೀರಿನ ಆವಿ. ಈ ಹಲ್ಲುಗಳಲ್ಲಿ ಒಂದೊಂದಕ್ಕೂ ಹೆಸರಿಡಲು ಹೋಗಬೇಡಿ.

ಓದುವ ಕ್ರಮ

ತಂತ್ರಾಂಶ "ಶೇಕಡಾ 87 ಹೊಂದಾಣಿಕೆ" ಎಂದು ಏನಾದರೂ ಹೆಸರು ತೋರಿಸುತ್ತದೆ. ಅದನ್ನು ಸುಳಿವಾಗಿ ಮಾತ್ರ ನೋಡಿ. ಹಳೇ ಚಿತ್ರದ ಮಾದರಿ ನಾಲ್ಕೈದು ವಸ್ತುಗಳ ಕಲಸು. ತಂತ್ರಾಂಶ ಅದಕ್ಕೆ ಒಂದೇ ಹೆಸರು ಹುಡುಕುತ್ತದೆ, ಅದರಲ್ಲೂ ಪ್ರಯೋಗಾಲಯದ ಗ್ರಂಥಾಲಯ ಔಷಧಗಳದ್ದಾದರೆ ಔಷಧದ ಹೆಸರೇ ಬರುತ್ತದೆ. ಐಆರ್‌ಯುಜಿ ಎಂಬ ಸಂರಕ್ಷಕರ ಗುಂಪಿನ ರೋಹಿತ ಸಂಗ್ರಹ, ಎಸ್ಟೋನಿಯಾದ ತಾರ್ತು ವಿಶ್ವವಿದ್ಯಾಲಯದ ಬಣ್ಣವಸ್ತುಗಳ ಎಟಿಆರ್ ಸಂಗ್ರಹ ಅಂತರ್ಜಾಲದಲ್ಲಿವೆ. ಎಟಿಆರ್ ರೋಹಿತವನ್ನು ಎಟಿಆರ್ ಜೊತೆಗೇ ಹೋಲಿಸಿ. ಬಿಲ್ಲೆಯ ರೋಹಿತಕ್ಕಿಂತ ಅದರಲ್ಲಿ ಪೀಕುಗಳು ಕೊಂಚ ಕೆಳಗಿನ ಸಂಖ್ಯೆಗೆ ಸರಿದಿರುತ್ತವೆ, ಬಲಗಡೆಯ, ಅಂದರೆ ಕಡಿಮೆ ಸಂಖ್ಯೆಯ, ಪೀಕುಗಳು ಎತ್ತರವಾಗಿ ಕಾಣುತ್ತವೆ.

ಮೊದಲು ತಳಪದರವನ್ನು ಗುರುತಿಸಿ ಬದಿಗಿಡಿ. ಸುಣ್ಣದ ಗಾರೆಯಾದರೆ 1420ರಲ್ಲಿ ಅಗಲವಾದ ಗುಡ್ಡ, 875 ಮತ್ತು 712ರಲ್ಲಿ ಚೂಪು ಪೀಕು. ಜಿಪ್ಸಮ್ ಆದರೆ 3545, 3405, 1685, 1620, ಜೊತೆಗೆ 1110ರ ಸುತ್ತ ದೊಡ್ಡದು, 670, 600. ಜೇಡಿಮಣ್ಣು 3695 ಮತ್ತು 3620ರಲ್ಲಿ ಎರಡು ಚೂಪು ಕೊಂಬು ತೋರಿಸುತ್ತದೆ, 1030, 1008, 912 ಅದರವೇ. ಸೀಸದ ಬಿಳಿ 1400ರಲ್ಲಿ ಅಗಲವಾಗಿ ಕೂತು ಸುಣ್ಣದಂತೆಯೇ ಕಾಣುತ್ತದೆ, ಬೇರ್ಪಡಿಸುವುದು 3535, 1045 ಮತ್ತು 680ರಿಂದ. ಸುಣ್ಣದ ಚಿತ್ರದ ಮೇಲೆ ಆಮೇಲೆ ಯಾರೋ ಸುಣ್ಣ ಬಳಿದಿದ್ದರೆ ಎರಡರ ರೋಹಿತವೂ ಒಂದೇ; ಅಲ್ಲಿ ಚಕ್ಕೆಯ ಅಡ್ಡಸೀಳನ್ನು ಸೂಕ್ಷ್ಮದರ್ಶಕದಲ್ಲಿ ನೋಡದೆ ಗತಿಯಿಲ್ಲ.

ಈಗ ಅಂಟು. ಚರ್ಮ, ಮೂಳೆ ಬೇಯಿಸಿ ತೆಗೆದ ಅಂಟು, ಹಾಲಿನ ಕೇಸಿನ್, ಮೊಟ್ಟೆ ಎಲ್ಲವೂ ಪ್ರೋಟೀನು: 1650, 1550, 1450 ಹೀಗೆ ಮೆಟ್ಟಿಲಿಳಿದಂತೆ ಮೂರು, ಮತ್ತು 3300. ಇದರಲ್ಲಿ ನಂಬಬೇಕಾದದ್ದು 1550ನ್ನು. 1600ರಿಂದ 1650ರ ನಡುವೆ ತೇವ, ಜಿಪ್ಸಮ್, ಆಕ್ಸಲೇಟ್, ಗೋಂದು ಎಲ್ಲರೂ ಬಂದು ಕೂರುತ್ತಾರೆ. 1650 ಮಾತ್ರ ಕಂಡು 1550 ಕಾಣದಿದ್ದರೆ ಪ್ರೋಟೀನು ಎಂದು ಬರೆಯಬೇಡಿ. 1550ರ ಜೊತೆ 1740 ಕೂಡ ಇದ್ದರೆ ಮೊಟ್ಟೆಯ ಹಳದಿ ಇರಬಹುದು, ಅಥವಾ ಅಂಟಿನ ಮೇಲೆ ದೀಪದೆಣ್ಣೆ ಕೂತಿರಬಹುದು.

ಗೋಂದು 3400ರಲ್ಲಿ ಅಗಲವಾಗಿ, 1610 ಮತ್ತು 1420ರಲ್ಲಿ, 1075ರಿಂದ 1030ರ ನಡುವೆ ಬಲವಾಗಿ ಕಾಣುತ್ತದೆ. ಮೈಸೂರು ಶೈಲಿಯ ಪಟಗಳಲ್ಲಿ ಹುಡುಕಬೇಕಾದದ್ದು ಇದನ್ನು. ಆದರೆ 1030 ಜೇಡಿಮಣ್ಣಿನದೂ ಹೌದು. 3695ರ ಕೊಂಬು ಇದ್ದರೆ 1030ನ್ನು ಗೋಂದಿನ ಲೆಕ್ಕಕ್ಕೆ ಹಾಕುವ ಮೊದಲು ನೀರಿನಲ್ಲಿ ಬಿಡಿಸಿ ನೋಡಿ, ಆ ಕ್ರಮ ಮುಂದೆ ಇದೆ.

ಎಣ್ಣೆ: 2925, 2854, 1740, 1165, ಚಿಕ್ಕದಾಗಿ 720. ಹಳೆಯದಾದಂತೆ 1740ರ ಬಲ ಭುಜ 1710ರ ಕಡೆ ಊದುತ್ತದೆ. ದೇವಸ್ಥಾನದ ಚಿತ್ರಗಳಲ್ಲಿ ಅತಿ ಹೆಚ್ಚು ತಪ್ಪು ಓದುವುದು ಇಲ್ಲಿ. ಗೋಂದಿನಲ್ಲಿ ಬರೆದ ಛಾವಣಿಯ ಚಿತ್ರದ ಮೇಲೆ ದಶಕಗಟ್ಟಲೆ ದೀಪದ ಹೊಗೆ, ಎಣ್ಣೆಯ ಆವಿ ಕೂತಿರುತ್ತದೆ; ರೋಹಿತದಲ್ಲಿ ಎಣ್ಣೆ ಕಂಡ ಕೂಡಲೇ "ತೈಲಚಿತ್ರ" ಎಂದು ವರದಿ ಬರೆಯುತ್ತಾರೆ, ಮುಂದಿನವರು ಅದನ್ನು ನಂಬಿ ನೀರು ಮುಟ್ಟಿಸುತ್ತಾರೆ. 3010ರ ಹತ್ತಿರ ನೋಡಿ. ಅಗಸೆ ಎಣ್ಣೆಯಂಥ ಒಣಗುವ ಎಣ್ಣೆ ಗಟ್ಟಿಯಾದಾಗ ಆ ಚಿಕ್ಕ ಪೀಕು ಮಾಯವಾಗುತ್ತದೆ. ಅಲ್ಲಿ ಇನ್ನೂ ಪೀಕು ಇದ್ದರೆ ಅದು ಒಣಗದ, ಈಚಿನ ಎಣ್ಣೆ. ದೀಪದ್ದು ಇರುವ ಸಂಭವ ಹೆಚ್ಚು. ಶೇಂಗಾ ಎಣ್ಣೆಯೋ ಎಳ್ಳೆಣ್ಣೆಯೋ ಎಂದು ಮಾತ್ರ ಇಲ್ಲಿ ತಿಳಿಯುವುದಿಲ್ಲ, ಚಳ್ಳಕೆರೆಯ ಎಣ್ಣೆ ಗಿರಣಿಯವರೂ ಈ ರೋಹಿತ ನೋಡಿ ಹೇಳಲಾರರು. ಅದಕ್ಕೆ ಗ್ಯಾಸ್ ಕ್ರೊಮೆಟೊಗ್ರಫಿ (ಕಲಸನ್ನು ಆವಿಯಾಗಿಸಿ ಅಂಶಗಳನ್ನು ಬೇರ್ಪಡಿಸುವ ಪರೀಕ್ಷೆ) ಬೇಕು. ಹರಳೆಣ್ಣೆಗೆ ಮಾತ್ರ 3400ರಲ್ಲಿ ಒಂದು ಅಗಲವಾದ ಗುಡ್ಡ ಇರುವುದರಿಂದ ಸ್ವಲ್ಪ ಸುಳಿವು ಸಿಗುತ್ತದೆ. ಅದೇ ಚಕ್ಕೆಯ ಹಿಂಬದಿಯಲ್ಲಿ ಎಣ್ಣೆ ಇಲ್ಲ, ಮುಂಬದಿಯಲ್ಲಿ ಮಾತ್ರ ಇದೆ ಎಂದಾದರೆ ಅನುಮಾನ ಬಹುಪಾಲು ಪರಿಹಾರ.

ತೈಲಚಿತ್ರಗಳಲ್ಲಿ 1510ರಿಂದ 1590ರ ನಡುವೆ ಗಮನ ಇರಲಿ. ಸೀಸ, ಸತು, ತಾಮ್ರದ ಬಣ್ಣಗಳು ಎಣ್ಣೆಯ ಆಮ್ಲದ ಜೊತೆ ಸೇರಿ ಸಾಬೂನಾಗುತ್ತವೆ: ಸೀಸದ್ದು 1510–1540, ಸತುವಿನದು 1540ರಲ್ಲಿ ಚೂಪಾಗಿ ಅಥವಾ 1580ರ ಸುತ್ತ ಅಗಲವಾಗಿ, ತಾಮ್ರದ್ದು 1585ರ ಹತ್ತಿರ. ಮೇಲ್ಮೈಯಲ್ಲಿ ಮರಳಿನಂಥ ಬಿಳಿ ಗುಳ್ಳೆ ಎದ್ದಿದ್ದರೆ ಇದೇ ಕಾರಣ ಇರಬಹುದು. ಒಂದು ಬಲೆ: ಅರಿಸಿನಕ್ಕೂ 1510ರಲ್ಲಿ ಬಲವಾದ ಪೀಕು ಇದೆ. ಜೊತೆಗೆ 1628, 1600, 1280 ಇದ್ದರೆ ಅದು ಪೂಜೆಯ ಅರಿಸಿನ.

ರಾಳದ ವಾರ್ನಿಷ್ 1700–1715ರಲ್ಲಿ ಅಗಲವಾಗಿ, 1460 ಮತ್ತು 1385ರಲ್ಲಿ. ಎಣ್ಣೆಯ 1740ಕ್ಕಿಂತ ಕೆಳಗೆ ಇರುವುದೇ ಗುರುತು. ಜೇನುಮೇಣ 2916, 2848 ತೀರ ಚೂಪು, 1735, ಮತ್ತು 730–720ರ ಅವಳಿ.

ಹಿಂದಿನ ರಿಪೇರಿಯ ಗುರುತುಗಳನ್ನು ಕಂಠಪಾಠ ಮಾಡಿದರೂ ನಷ್ಟವಿಲ್ಲ. ಬಿಳಿ ಮರಗೆಲಸದ ಅಂಟು, ಅಂದರೆ ಫೆವಿಕಾಲ್ ಬಗೆಯ ಪಾಲಿವಿನೈಲ್ ಅಸಿಟೇಟ್: 1735, 1370, 1240, 1020. ಸಂರಕ್ಷಕರು ಬಳಸುವ ಪ್ಯಾರಲಾಯ್ಡ್ ಬಿ-72 ಅಕ್ರಿಲಿಕ್: 1730, 1240, 1160–1180, 1025. ಇವೆರಡನ್ನು ಬೇರ್ಪಡಿಸುವುದು 1370 ಎಷ್ಟು ಎತ್ತರ ಇದೆ, 1160–1180ರಲ್ಲಿ ಬಲವಾದ ಪೀಕು ಇದೆಯೇ ಎಂಬುದರಿಂದ. ಎನಾಮಲ್ ಬಣ್ಣ: 1730, 1265, 1120, 1070, 740. ಎಣ್ಣೆಗೂ ಇದಕ್ಕೂ ವ್ಯತ್ಯಾಸ 1265ರಲ್ಲಿ. ಎಣ್ಣೆಯಲ್ಲಿ ಅಲ್ಲಿ ಅಷ್ಟು ಬಲ ಇರುವುದಿಲ್ಲ.

ಬಣ್ಣದ ಪುಡಿಗಳ ವಿಷಯ ಬೇಗ ಮುಗಿಸಬಹುದು. ಇಂಗಲೀಕ, ಹರಿತಾಳ ಈ ವ್ಯಾಪ್ತಿಯಲ್ಲಿ ಬಾಯಿಯೇ ಬಿಡುವುದಿಲ್ಲ, ಕಾಡಿಗೆಯೂ ಅಷ್ಟೇ. ಅವಕ್ಕೆ ಎಕ್ಸ್‌ಆರ್‌ಎಫ್ (ಎಕ್ಸ್ ಕಿರಣದಿಂದ ಧಾತು ಗುರುತಿಸುವುದು) ಅಥವಾ ರಾಮನ್ (ಲೇಸರ್ ಬೆಳಕಿನ ರೋಹಿತ) ಬೇಕು, ಕಾಡಿಗೆಗೆ ರಾಮನ್. ಜಾಜಿನ (ಕೆಂಪು ಮಣ್ಣಿನ) ಕಬ್ಬಿಣ 540 ಮತ್ತು 470ರಲ್ಲಿದೆ, ಆದರೆ ಸೂಕ್ಷ್ಮದರ್ಶಕ ಜೋಡಿಸಿದ ಯಂತ್ರಗಳ ಡಿಟೆಕ್ಟರು ಸಾಮಾನ್ಯವಾಗಿ 650ರ ಹತ್ತಿರವೇ ನಿಂತುಬಿಡುತ್ತದೆ. ಹಸಿರು ಕಂಡರೆ, ಚಿತ್ರದುರ್ಗದ ಹತ್ತಿರದ ಇಂಗಳದಾಳದಲ್ಲಿ ತಾಮ್ರದ ಗಣಿ ಇತ್ತು ಎಂಬ ಕಾರಣಕ್ಕೆ ಮ್ಯಾಲಕೈಟ್ (ತಾಮ್ರದ ಹಸಿರು ಖನಿಜ) ಎಂದು ಊಹಿಸಬೇಡಿ. 3405, 3315, 1500, 1390, 1045, 820 ಸಿಕ್ಕರೆ ಆಗ ಮಾತಾಡೋಣ. ಸಿಕ್ಕರೂ ಯಾವ ಗಣಿಯದ್ದು ಎಂದು ಈ ಪರೀಕ್ಷೆ ಹೇಳದು.

ನೀಲಿಗಳು ಮಾತ್ರ ಚೆನ್ನಾಗಿ ಮಾತಾಡುತ್ತವೆ, ಕಾಲವನ್ನೂ ಹೇಳುತ್ತವೆ. ಪ್ರಷ್ಯನ್ ನೀಲಿ 2090ರಲ್ಲಿ ಒಂಟಿ ಚೂಪು ಪೀಕು. ವಜ್ರದ ಹರಳು ಅದೇ ಜಾಗದಲ್ಲಿ ತಾನೂ ಬೆಳಕು ಹೀರುವುದರಿಂದ ಗೆರೆ ಗಲಿಬಿಲಿಯಾದರೆ ಬಿಲ್ಲೆಯಲ್ಲಿ ಖಚಿತ ಮಾಡಿಕೊಳ್ಳಿ. ಇದು ಬರ್ಲಿನ್ನಿನಲ್ಲಿ 18ನೇ ಶತಮಾನದ ಮೊದಲ ದಶಕದಲ್ಲಿ ಹುಟ್ಟಿದ್ದು. ನೀಲಿ ಗಿಡದ ಬಣ್ಣ 1625, 1610, 1585, 1480, 1460, 1070ರಲ್ಲಿ ಒತ್ತೊತ್ತಾಗಿ ಗೆರೆ ಕೊಡುತ್ತದೆ. ಅಲ್ಟ್ರಾಮರೀನ್ 1000ದ ಸುತ್ತ ಒಂದೇ ದೊಡ್ಡ ಗುಡ್ಡ; ಕಲ್ಲಿನಿಂದ ತೆಗೆದದ್ದಾದರೆ 2340ರಲ್ಲಿ ಒಂಟಿ ಪೀಕೂ ಕಾಣಬಹುದು, ಗಾಳಿಯ ಜೋಡಿ ಗುಬ್ಬಿನ ಜೊತೆ ಅದನ್ನು ಕಲಸಿಕೊಳ್ಳಬೇಡಿ. ಕೃತಕ ಅಲ್ಟ್ರಾಮರೀನ್ ತಯಾರಾದದ್ದು 1828ರ ಸುಮಾರಿಗೆ. ಪಾಳೆಯಗಾರ ನಾಯಕರ ಚಿತ್ರದುರ್ಗ ಹೈದರಾಲಿಯ ವಶವಾದದ್ದು 1779ರಲ್ಲಿ. ಆದ್ದರಿಂದ "ನಾಯಕರ ಕಾಲದ್ದು" ಎನ್ನುವ ಚಿತ್ರದಲ್ಲಿ ಕೃತಕ ಅಲ್ಟ್ರಾಮರೀನ್ ಇದ್ದರೆ ಆ ತೇಪೆಯಂತೂ ನಾಯಕರದ್ದಲ್ಲ. ಇಡೀ ಚಿತ್ರದ ಬಗ್ಗೆ ಅಷ್ಟರಿಂದಲೇ ತೀರ್ಪು ಕೊಡಬೇಡಿ. 1335, 1120, 1090, 730 ಸಿಕ್ಕರೆ ಅದು ಥ್ಯಾಲೊ ನೀಲಿ, 1930ರ ದಶಕದ ನಂತರದ್ದು.

ಕಲಸು ಬಿಡಿಸುವುದು

ಒಂದೇ ರೋಹಿತದಲ್ಲಿ ಎಲ್ಲವೂ ಗಜಿಬಿಜಿಯಾದರೆ ದ್ರಾವಕದಿಂದ ಬಿಡಿಸಿ. ಗಾಜಿನ ಸ್ಲೈಡಿನ ಮೇಲೆ ಕಣ ಇಟ್ಟು ಕ್ಲೋರೊಫಾರ್ಮ್‌ನ ಚಿಕ್ಕ ಹನಿ ಹಾಕಿ (ಫ್ಯೂಮ್ ಹುಡ್ಡಿನ ಒಳಗೆ). ಹನಿ ಒಣಗಿದಾಗ ಸುತ್ತ ಒಂದು ಉಂಗುರ ಉಳಿಯುತ್ತದೆ. ಮೇಣ, ರಾಳ, ಒಣಗದ ಎಣ್ಣೆ, ಅಕ್ರಿಲಿಕ್ ಇದ್ದರೆ ಆ ಉಂಗುರದಲ್ಲಿರುತ್ತವೆ. ಕೆರೆದು ಎಟಿಆರ್‌ನಲ್ಲಿ ಇಡಿ. ಗಟ್ಟಿಯಾಗಿ ಒಣಗಿದ ಹಳೇ ಎಣ್ಣೆ ಹೆಚ್ಚು ಬಿಡುವುದಿಲ್ಲ, ಅದೂ ಒಂದು ಮಾಹಿತಿಯೇ. ನಂತರ ಉಳಿದ ಕಣಕ್ಕೆ 60–70 ಡಿಗ್ರಿಯ ಡಿಸ್ಟಿಲ್ಡ್ ನೀರು ಎರಡು ಹನಿ, ಒಂದು ಗಂಟೆ ಮುಚ್ಚಿಡಿ. ತೆಳು ಗಾಜಿನ ಕೊಳವೆಯಲ್ಲಿ ನೀರು ಎತ್ತಿ ವಜ್ರದ ಹರಳಿನ ಮೇಲೆಯೇ ಒಣಗಿಸಿ ಓಡಿಸಿ. ಗೋಂದೋ ಪ್ರೋಟೀನೋ ಇಲ್ಲಿ ಸ್ಪಷ್ಟವಾಗುತ್ತದೆ. ಜಿಪ್ಸಮ್ಮೂ ಸ್ವಲ್ಪ ಕರಗಿ ಬರುತ್ತದೆ ಎಂಬುದು ನೆನಪಿರಲಿ.

ಸುಣ್ಣವೇ ಎಲ್ಲವನ್ನೂ ಮುಚ್ಚಿದ್ದರೆ ದುರ್ಬಲ ಹೈಡ್ರೊಕ್ಲೋರಿಕ್ ಆಮ್ಲದ ಒಂದು ಹನಿಯಿಂದ ಅದನ್ನು ಕರಗಿಸಬಹುದು. ಆದರೆ ಆಮೇಲೆ ನೀರಿನಲ್ಲಿ ತೊಳೆಯಲೇಬೇಕು, ಇಲ್ಲದಿದ್ದರೆ ಉಳಿಯುವ ಕ್ಯಾಲ್ಸಿಯಂ ಕ್ಲೋರೈಡ್ ಗಾಳಿಯ ತೇವ ಹೀರಿ ಒದ್ದೆಯಾಗುತ್ತದೆ. ತೊಳೆದರೆ ಗೋಂದೂ ಹೋಗುತ್ತದೆ. ಆದ್ದರಿಂದ ನೀರಿನ ಪರೀಕ್ಷೆ ಮೊದಲು, ಆಮ್ಲ ಕೊನೆಗೆ, ಅದೂ ಮಾದರಿಯ ಒಂದು ಭಾಗಕ್ಕೆ ಮಾತ್ರ. ಕಂಪ್ಯೂಟರಿನಲ್ಲಿ ಒಂದು ರೋಹಿತದಿಂದ ಇನ್ನೊಂದನ್ನು ಕಳೆಯುವ ಸೌಲಭ್ಯಕ್ಕಿಂತ ಈ ಹನಿಗಳ ಕೆಲಸ ನಂಬಿಕಸ್ತ. ಕಳೆಯುವಾಗ ಹುಟ್ಟುವ ಸುಳ್ಳು ಪೀಕುಗಳು ನಿಜದವಕ್ಕಿಂತ ಚೆಂದವಾಗಿರುತ್ತವೆ.

ರೋಹಿತದಿಂದ ಚಿಕಿತ್ಸೆಗೆ

ಗೋಂದು ಅಥವಾ ಪ್ರಾಣಿಜನ್ಯ ಅಂಟು ಎಂದಾದರೆ ನೀರು, ಉಗುಳು, ಸೋಪು ಎಲ್ಲವೂ ನಿಷಿದ್ಧ. ಮೆದು ಕುಂಚ, ಸಲ್ಫರ್ ಹಾಕದ ಮೆತ್ತನೆಯ ಒಣ ಸ್ಪಂಜಿನಿಂದ ಶುರು ಮಾಡಿ. ಮೇಲಿನ ಜಿಡ್ಡು ಒಣಗದ ಎಣ್ಣೆ ಎಂದು ಖಚಿತವಾದರೆ ವೈಟ್ ಸ್ಪಿರಿಟ್‌ನಂಥ ನೀರಿಲ್ಲದ ದ್ರಾವಕವನ್ನು ಕಡ್ಡಿಗೆ ಸುತ್ತಿದ ಹತ್ತಿಯಲ್ಲಿ, ಒಂದು ಚದರ ಸೆಂಟಿಮೀಟರ್ ಜಾಗದಲ್ಲಿ ಪ್ರಯತ್ನಿಸಿ.

ಈ ಹಂತದಲ್ಲಿ ಎಫ್‌ಟಿಐಆರ್‌ನ ಇನ್ನೊಂದು ಉಪಯೋಗ ಇದೆ, ಬಹಳ ಜನ ಇದನ್ನು ಬಿಟ್ಟುಬಿಡುತ್ತಾರೆ. ಬಳಸಿದ ಹತ್ತಿಯನ್ನು ಎಸೆಯಬೇಡಿ. ಅದೇ ದ್ರಾವಕದ ಕೆಲವು ಹನಿಯಲ್ಲಿ ಹಿಂಡಿ, ಹರಳಿನ ಮೇಲೆ ಒಣಗಿಸಿ ಓಡಿಸಿ. ಬಳಸದ ಹತ್ತಿಯನ್ನೂ ಹಾಗೆಯೇ ಮಾಡಿ, ಹತ್ತಿಯ ಮೇಣ ಹೇಗೆ ಕಾಣುತ್ತದೆ ಎಂದು ತಿಳಿದಿರಲಿ. ಎಣ್ಣೆ ಮಾತ್ರ ಬರುತ್ತಿದ್ದರೆ ಮುಂದುವರಿಯಿರಿ. 1550 ಆಗಲಿ, ಗೋಂದಿನ 1610–1075 ಜೋಡಿಯಾಗಲಿ, ಬಣ್ಣದ ಪೀಕಾಗಲಿ ಬಂದರೆ ಅಲ್ಲಿಗೆ ಕೈ ತೆಗೆಯಿರಿ, ಹತ್ತಿ ಕಣ್ಣಿಗೆ ಬೆಳ್ಳಗೇ ಕಂಡರೂ.

ಪಾಲಿವಿನೈಲ್ ಅಸಿಟೇಟ್ ಪದರ ನೀರಿಗೆ ಊದುತ್ತದೆ, ಅಸಿಟೋನಿಗೆ ಕರಗುತ್ತದೆ. ಊದಿಸಿ ಎಬ್ಬಿಸುವಾಗ ಅಡಿಯ ಗೋಂದಿನ ಬಣ್ಣ ಜೊತೆಗೇ ಎದ್ದು ಬರುವುದರಿಂದ ಅಂಥ ಕಡೆ ಅಸಿಟೋನ್ ಮೇಲು. ಗಟ್ಟಿಯಾದ ಎನಾಮಲ್ ಕರಗುವ ಹೊತ್ತಿಗೆ ಅಡಿಯ ಚಿತ್ರವೂ ಹೋಗಿರುತ್ತದೆ. ಸೂಕ್ಷ್ಮದರ್ಶಕದ ಅಡಿ ಬ್ಲೇಡಿನಿಂದ ಎಬ್ಬಿಸುವ ನುರಿತ ಕೈಗೆ ಬಿಡಿ. ಲೋಹದ ಸಾಬೂನು ಸಿಕ್ಕ ತೈಲಚಿತ್ರವನ್ನು ಬಿಸಿ ಇಸ್ತ್ರಿ, ತೇವ, ಗಟ್ಟಿ ದ್ರಾವಕ ಮೂರರಿಂದಲೂ ದೂರ ಇಡಿ. ಜಿಪ್ಸಮ್, ಅಥವಾ 1385ರಲ್ಲಿ ನೈಟ್ರೇಟಿನ ಚೂಪು ಗೆರೆ ಕಂಡ ಗೋಡೆಯಲ್ಲಿ ಚಿತ್ರಕ್ಕಿಂತ ಮೊದಲು ಛಾವಣಿಯ ಸೋರಿಕೆ, ತಳಪಾಯದ ತೇವ ನಿಲ್ಲಬೇಕು. ಆ ಮುಂಚೆ ಹಚ್ಚಿದ ಯಾವ ಅಂಟೂ ಉಪ್ಪನ್ನು ಒಳಗೇ ಕೂಡಿಹಾಕಿ ಪದರವನ್ನು ಹೊರಗೆ ದೂಡುತ್ತದೆ.

ಎದ್ದ ಚಕ್ಕೆ ಕೂರಿಸಲು ಪ್ಯಾರಲಾಯ್ಡ್ ಬಿ-72 ಎಲ್ಲರ ಮೊದಲ ಆಯ್ಕೆ. ಅದು ಸುಮಾರು 40 ಡಿಗ್ರಿಗೆ ಮೆತ್ತಗಾಗುವ ವಸ್ತು. ಏಪ್ರಿಲ್–ಮೇನಲ್ಲಿ ತಗಡಿನ ಚಾವಣಿಯ ಕೋಣೆಯಲ್ಲಿ ಇಟ್ಟ ಪಟ ಆ ಬಿಸಿಯನ್ನು ಸುಲಭವಾಗಿ ದಾಟುತ್ತದೆ, ಆಗ ಬಯಲುಸೀಮೆಯ ಧೂಳು ಅದಕ್ಕೆ ಅಂಟಿ ಅಲ್ಲೇ ಉಳಿಯುತ್ತದೆ. ಮೇಲ್ಮೈಗೆ ಹರಡದಂತೆ ಚಕ್ಕೆಯ ಅಡಿಗೆ ಮಾತ್ರ ಇಳಿಸಿ. ಪಟದ ಜಾಗವನ್ನೇ ಬದಲಿಸಲು ಸಾಧ್ಯವಾದರೆ ಇನ್ನೂ ಒಳ್ಳೆಯದು.

ಮಾದರಿ ತೆಗೆಯಲು ಒಪ್ಪಿಗೆಯೇ ಸಿಗದ ಕಡೆ, ಮೇಲ್ಮೈಯಿಂದ ಮರಳುವ ಬೆಳಕನ್ನು ಓದುವ ಚಿಕ್ಕ ಯಂತ್ರಗಳಿವೆ. ಮುಟ್ಟದೆ ಕೆಲಸ ಆಗುತ್ತದೆ, ಆದರೆ ಸುಣ್ಣ, ಜಿಪ್ಸಮ್‌ನಂಥವುಗಳ ಪೀಕು ಅದರಲ್ಲಿ ತಲೆಕೆಳಗಾಗಿ ಅಥವಾ ತಿರುಚಿ ಬರುತ್ತವೆ. ಅಂಥ ರೋಹಿತವನ್ನು ಮಾಮೂಲಿ ಸಂಗ್ರಹದ ಜೊತೆ ಹೋಲಿಸಿದರೆ ಉತ್ತರ ತಪ್ಪುತ್ತದೆ. ಬಣ್ಣ ಹಚ್ಚಿದ ಹೋಲಿಕೆ ಹಲಗೆಗಳನ್ನು ನೀವೇ ಮಾಡಿ ಅದೇ ಯಂತ್ರದಲ್ಲಿ ಓಡಿಸಿಟ್ಟುಕೊಂಡವರಿಗೆ ಮಾತ್ರ ಇದು ಪ್ರಯೋಜನ.

ದಾಖಲೆಯಲ್ಲಿ ಚಿತ್ರವಾಗಿ ಮುದ್ರಿಸಿದ ರೋಹಿತ ಸಾಲದು. ಯಂತ್ರದ ಮೂಲ ಫೈಲು ಮತ್ತು ಯಾವ ಕಂಪ್ಯೂಟರಿನಲ್ಲೂ ತೆರೆಯುವ ಸಂಖ್ಯೆಗಳ ಪಟ್ಟಿ ಎರಡನ್ನೂ ಇಡಿ. ಎಟಿಆರೋ ಬಿಲ್ಲೆಯೋ, ರೆಸಲ್ಯೂಷನ್, ಸ್ಕ್ಯಾನು, ತಿದ್ದುಪಡಿ ಮಾಡಿದ್ದರೆ ಯಾವುದು ಎಂದು ಬರೆಯಿರಿ. ತಿದ್ದದ ರೋಹಿತವನ್ನು ಅಳಿಸಬೇಡಿ. ಉಳಿದ ಮಾದರಿಯನ್ನು ಅದರ ಗಾಜಿನ ಶೀಶೆಯಲ್ಲೇ, ವರದಿಯ ಒಂದು ಪ್ರತಿಯ ಜೊತೆ ಚಿತ್ರದ ಒಡೆಯರಿಗೆ ಒಪ್ಪಿಸಿ ಸಹಿ ಪಡೆಯಿರಿ. ಮುಂದೆ ಯಾರಾದರೂ ಎಕ್ಸ್‌ಆರ್‌ಎಫ್ ಅಥವಾ ಕ್ರೊಮೆಟೊಗ್ರಫಿ ಮಾಡಿಸುವುದಾದರೆ ಗೋಡೆಯನ್ನು ಮತ್ತೆ ಕೆರೆಯಬೇಕಾಗುವುದಿಲ್ಲ.